ಸಿಸ್ಟರ್ ಫೋನಿನೊಳಗಿನ ಬೀದಿ

ಅಂಗಡಿಯ ಮೇಲಿನ ಮನೆ,
ಅಕ್ಟೋಬರ್ ೧೪, ಶನಿವಾರ ಮಧ್ಯಾಹ್ನ

ನನ್ನ ಮನೆಯಾಕೆಗೂ ಈ ಬೀದಿಯ ಸಮಸ್ತರ ಸಿಸ್ಟರಮ್ಮನಿಗೂ ನೆನಪುಗಳು.

ಹೇಗಿದ್ದೀಯ? ಹಡಗು ತೂಗಿದಾಗ ಹೊಟ್ಟೆ ತೊಳಸುತ್ತದೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯೇ? ಊರಿಗೆಲ್ಲ ಮಾತ್ರೆ ಕೊಡುವವಳು ನೀನು ಮಾತ್ರ ನುಂಗುವುದಿಲ್ಲ ಎಂದು ನನಗೆ ಗೊತ್ತು. ಸರಿಯಾಗಿ ಊಟ ಮಾಡು. ಆ ಆಸ್ಪತ್ರೆ ಹಡಗಿನ ವಾರ್ಡಿನಲ್ಲಿ ನಿಂತೇ ತಿಂದು ಓಡಬೇಡ. ಇನ್ನು ನನ್ನ ವಿಚಾರ. ಬೆನ್ನು ಹಿಡಿದುಕೊಂಡಿದೆ, ಗಂಟಲು ಕಟ್ಟಿದೆ, ಎಡಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿದೆ. ಈ ಮೂರಕ್ಕೂ ಒಂದೇ ಕಾರಣ, ನೀನು ಹೋಗುವಾಗ ನನ್ನ ಕೈಗೆ ತುರುಕಿ ಹೋದ ನಿನ್ನ ಫೋನು. ಬಂದರಿನ ಕಚೇರಿಯ ಮೂಲಕ ‘ನೆರೆ ಬಂದಿತ್ತು, ಎಲ್ಲರೂ ಕ್ಷೇಮ’ ಎಂದು ಒಂದು ಸಾಲು ಕಳಿಸಿದ್ದೆ, ತಲುಪಿರಬಹುದು. ಒಂದು ಸಾಲಿನಲ್ಲಿ ಹೇಳುವಂಥ ನೆರೆಯಾಗಿರಲಿಲ್ಲ ಅದು. ಪೂರ್ತಿ ಕಥೆಯನ್ನು ಈಗ ಬರೆಯುತ್ತೇನೆ. ಬೇಡವೆಂದರೂ ಓದಬೇಕು, ಏಕೆಂದರೆ ತಪ್ಪು ನಿನ್ನದು.

ನೆನಪಿದೆಯಾ, ಟ್ಯಾಕ್ಸಿ ಹತ್ತುವಾಗ ಏನು ಹೇಳಿದೆ? “ರೀ, ಹಡಗಲ್ಲಿ ಇದು ಕೆಲಸ ಮಾಡಲ್ಲ. ಬೀದಿಯವರೆಲ್ಲ ಈ ನಂಬರಿಗೇ ಮಾಡ್ತಾರೆ, ನೀವೇ ಎತ್ಕೊಳ್ಳಿ. ಗ್ರೂಪಿಗೂ ನೀವೇ ಅಡ್ಮಿನ್. ಏನೂ ಮಾಡೋದ್ ಬೇಡ, ಸುಮ್ನೆ ನೋಡ್ಕೊಂಡಿದ್ರೆ ಸಾಕು.” ಸುಮ್ಮನೆ ನೋಡಿಕೊಂಡಿರುವುದಂತೆ! ಹೊಲಿಗೆ ಯಂತ್ರಗಳ ಹೊಟ್ಟೆ ಬಿಚ್ಚಿ ಎಣ್ಣೆ ಹಾಕಿಕೊಂಡು ನನ್ನ ಪಾಡಿಗೆ ನಾನಿದ್ದವನು. ಯಂತ್ರ ಕೆಟ್ಟರೆ ಒಂದು ಕಡೆ ಶಬ್ದ ಬರುತ್ತದೆ, ಅಲ್ಲಿ ನೋಡಿದರೆ ಆಯಿತು. ನಿನ್ನ ಗ್ರೂಪಿನಲ್ಲಿ ಇನ್ನೂರು ಕಡೆಯಿಂದ ಶಬ್ದ ಬರುತ್ತದೆ, ಯಾವುದೂ ಕೆಟ್ಟಿರುವುದಿಲ್ಲ. ಬೆಳಗಾದರೆ ಗುಲಾಬಿ ಹೂವು, ಸಂಜೆಯಾದರೆ ಚಂದ್ರ, ನಡುವೆ ಕಸದ ಗಾಡಿ ಬಂತಾ ಬಂತಾ ಎಂಬ ಪ್ರಶ್ನೆ. ಇದರ ಮೇಲೆ ನಿನ್ನ ಚಿಕ್ಕಪ್ಪ. ಆ ಮನುಷ್ಯ ಈ ಬೀದಿಯಲ್ಲೇ ಇಲ್ಲ, ಈ ಊರಿನಲ್ಲೇ ಇಲ್ಲ. ಅವರನ್ನು ಯಾಕೆ ಸೇರಿಸಿದೆ ಎಂದರೆ ‘ಪಾಪ, ಅವರಿಗೆ ಹೊತ್ತು ಹೋಗಲ್ಲ’ ಅನ್ನುತ್ತೀಯ. ಅವರ ಹೊತ್ತು ಚೆನ್ನಾಗಿಯೇ ಹೋಗುತ್ತಿದೆ, ಹೋಗುತ್ತಿರುವುದು ನಮ್ಮ ಜೀವ.

ನೀರು ಬಂದ ದಿನ ನಮ್ಮಲ್ಲಿ ಒಂದು ಹನಿ ಮಳೆಯಿಲ್ಲ. ಬಟ್ಟೆ ಒಣಗಿಸಲು ಹೇಳಿಮಾಡಿಸಿದಂಥ ಬಿಸಿಲು. ಮಳೆ ಬಿದ್ದದ್ದೆಲ್ಲ ಮೇಲಿನ ಸೀಮೆಯಲ್ಲಿ, ನೀರು ಬಂದದ್ದು ನಮ್ಮ ಚರಂಡಿಯಿಂದ. ಬೆಳಗಿನ ಕಾಫಿ ಲೋಟ ಹಿಡಿದು ಕೆಳಗಿಳಿದರೆ ಅಂಗಡಿಯ ಹೊಸ್ತಿಲ ಮೇಲೆ ಕಪ್ಪು ನೀರು ಬಂದು ಅತಿಥಿಯಂತೆ ನಿಂತಿದೆ. ನಾನು ಗುಡಿಸಲು ನೋಡಿದೆ. ಹೌದು, ಪೊರಕೆ ತೆಗೆದುಕೊಂಡು ನೆರೆಯನ್ನು ಗುಡಿಸಲು ನೋಡಿದೆ, ನಗಬೇಡ. ಮೊಣಕಾಲಿಗೆ ಬಂದಾಗ ಬುದ್ಧಿ ಬಂತು. ಗಿರಾಕಿಗಳ ಯಂತ್ರಗಳನ್ನು ಒಂದೊಂದಾಗಿ ಎತ್ತಿ ಮೆಟ್ಟಿಲ ಮೇಲೆ ಸಾಗಿಸಿದೆ. ಬೆನ್ನು ಹೋದದ್ದು ಅಲ್ಲಿ. ಕೊನೆಯ ಯಂತ್ರ ಕಾಲ ಮೇಲೆ ಬಿತ್ತು, ಹೆಬ್ಬೆರಳು ಹೋದದ್ದು ಅಲ್ಲಿ. ಅಷ್ಟರಲ್ಲಿ ಕರೆಂಟೂ ಹೋಯಿತು.

ಇಷ್ಟು ಹೊತ್ತೂ ನಿನ್ನ ಫೋನು ಜೇಬಿನಲ್ಲಿ ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ತೆಗೆದು ನೋಡಿದರೆ ತಲೆ ಚಿಟ್ಟು ಹಿಡಿಯಿತು. ಯಾವುದೋ ಊರಿನ ಬೀದಿಯಲ್ಲಿ ಮೊಸಳೆ ಈಜುತ್ತಿರುವ ಚಿತ್ರ. ಯಾರೋ ಅಳುವ ಹಾಡು. ‘ಎಲ್ಲರೂ ಹುಷಾರಾಗಿರಿ’ ಎಂದು ಒಬ್ಬರು ಹಾಕಿದರೆ ‘ನೀವೂ ಹುಷಾರು’ ಎಂದು ಉಳಿದವರೆಲ್ಲ ಸರದಿಯಲ್ಲಿ. ನಡುವೆ ನಿನ್ನ ಚಿಕ್ಕಪ್ಪ, ದಪ್ಪ ಅಕ್ಷರಗಳಲ್ಲಿ: ಅಣೆಕಟ್ಟು ಒಡೆದಿದೆ, ಕೂಡಲೇ ಊರು ಬಿಡಿ, ಹತ್ತು ಜನರಿಗೆ ಕಳಿಸಿ. ಬಾಲ್ಕನಿಯಿಂದ ನೋಡುತ್ತೇನೆ, ಎದುರು ಸಾಲಿನ ಎರಡು ಸಂಸಾರಗಳು ಸ್ಕೂಟರಿಗೆ ಗಂಟುಮೂಟೆ ಕಟ್ಟಿ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ನೀರಿನಲ್ಲೇ ತಳ್ಳಿಕೊಂಡು ಹೊರಟೇಬಿಟ್ಟಿದ್ದಾರೆ. ಯಾವ ಕಡೆಗೆ? ಸೇತುವೆಯ ಕಡೆಗೆ. ಎಲ್ಲಕ್ಕಿಂತ ತಗ್ಗು ಅದೇ, ನೀರು ಹೊರಳುತ್ತಿರುವುದು ನನ್ನ ಬಾಲ್ಕನಿಗೇ ಕಾಣುತ್ತಿದೆ. ನಾನು ಕೂಗಿದೆ. ಅವರು ಕೈಬೀಸಿದರು, ನಾನು ಬೀಳ್ಕೊಡುತ್ತಿದ್ದೇನೆ ಅಂದುಕೊಂಡು!

ಚಿಕ್ಕಪ್ಪನಿಗೆ ಫೋನ್ ಮಾಡಿದೆ. “ಯಾರು ಹೇಳಿದ್ರು ಒಡೆದಿದೆ ಅಂತ?” ಎಂದೆ. “ಬಂತಪ್ಪಾ, ಹಾಕಿದೆ. ಒಳ್ಳೇದಕ್ಕೇ ಅಲ್ವಾ?” ಎಂದರು. ನಿನ್ನ ಫೋನಿನಲ್ಲಿ ‘ಅಣೆಕಟ್ಟು’ ಎಂದು ಹುಡುಕಿದೆ. ‘ಮಂಡಿನೋವು ಅಣೆಕಟ್ಟು’ ಎಂದು ಬಂತು. ಆಗಲೇ ನನಗೆ ನಿನ್ನ ಫೋನಿನ ರಹಸ್ಯ ತಿಳಿದದ್ದು. ಅಲ್ಲವೇ, ಮನುಷ್ಯರಿಗೆ ಅಪ್ಪ ಅಮ್ಮ ಇಟ್ಟ ಹೆಸರಿರುತ್ತದೆ. ನೀನು ಒಬ್ಬರದನ್ನಾದರೂ ಬರೆದುಕೊಂಡಿದ್ದೀಯಾ? ‘ಬಿಪಿ ಹಸಿರು ಗೇಟು’, ‘ಹುಳುಕು ಹಲ್ಲು’, ‘ಸಕ್ಕರೆ ಸುಳ್ಳು ಹೇಳ್ತಾರೆ’. ಇಡೀ ಬೀದಿಯೇ ನಿನ್ನ ಫೋನಿನೊಳಗೆ ಕಾಯಿಲೆ ಬಿದ್ದು ಮಲಗಿದೆ. ಇರಲಿ, ಮಂಡಿನೋವಿನವರು ಅಲ್ಲಿನ ಕಾವಲುಗಾರರಂತೆ. ಒಂದೇ ರಿಂಗಿಗೆ ಎತ್ತಿ, “ಸಿಸ್ಟರ್, ಹೇಗಿದೀರಾ?” ಎಂದರು. ನಾನು ಸಿಸ್ಟರ್ ಗಂಡ, ಅಣೆಕಟ್ಟು ಒಡೆದಿದೆಯಾ ಎಂದೆ. “ಇಲ್ಲ ಸಾರ್, ನಾನೀಗ ಅದರ ಮೇಲೇ ನಿಂತ್ಕೊಂಡು ಮಾತಾಡ್ತಿದೀನಿ” ಎಂದರು. ಗೇಟು ತೆಗೆದಿದ್ದಾರೆ, ನಾಳೆ ಸಂಜೆಯವರೆಗೆ ನೀರು ಇಳಿಯುವುದಿಲ್ಲ, ಮೇಲಿನ ಮಹಡಿಗಳಲ್ಲಿ ಇದ್ದರೆ ಭಯವಿಲ್ಲ ಎಂದೂ ಹೇಳಿದರು.

ಈ ಮಾತನ್ನು ಗ್ರೂಪಿಗೆ ಹಾಕಿದೆ. ನನ್ನ ಕೆಳಗೆ ಮತ್ತೆ ಮೊಸಳೆ ಬಂತು. ಪಿತ್ತ ನೆತ್ತಿಗೇರಿ ಸಿಕ್ಕಸಿಕ್ಕ ಕಡೆ ಒತ್ತಿದೆ. ಒಂದು ಕಡೆ ‘ಇನ್ನು ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು’ ಎಂದು ಬಂತು. ಎಂಥ ನೆಮ್ಮದಿ! ಬೀದಿಗೆ ಬೀದಿಯೇ ಬಾಯಿ ಮುಚ್ಚಿತು. ಇನ್ನು ಯಾರ್‍ಯಾರಿಗೆ ಬೈಯಬೇಕು ನೋಡೋಣ ಎಂದು ಮೇಲಕ್ಕೆ ಸರಿಸುತ್ತ ಹೋದೆ. ಅಲ್ಲಿ, ಆ ಹಾಡು ಮೊಸಳೆಗಳಿಗೂ ಮೇಲೆ, ಮೂಲೆ ಕಟ್ಟಡದ ಮೂರನೇ ಮಹಡಿಯ ಹುಡುಗಿ ಯಾವಾಗಲೋ ಬರೆದಿದ್ದಳು: ‘ಅಪ್ಪನ ಉಸಿರಾಟದ ಮೆಷಿನ್ನಿಗೆ ಕರೆಂಟಿಲ್ಲ. ಸಣ್ಣ ಸಿಲಿಂಡರ್ ಹಚ್ಚಿದ್ದೀನಿ, ಮಧ್ಯಾಹ್ನದವರೆಗೂ ಬಂದ್ರೆ ಹೆಚ್ಚು. ದಯವಿಟ್ಟು ಯಾರಾದ್ರೂ.’ ಅದರ ಕೆಳಗೆ ಎಲ್ಲರೂ ಕೈಮುಗಿದಿದ್ದರು. ಬರೀ ಕೈಮುಗಿದಿದ್ದರು, ತಿಳಿಯಿತೇ? ಚಿತ್ರದಲ್ಲಿ. ಕೈಮುಗಿದು ಮೊಸಳೆ ನೋಡಲು ಹೋಗಿದ್ದರು. ಆಮೇಲೆ ಹೊಳೆಯಿತು, ಈಗ ಆ ಹುಡುಗಿ ಮತ್ತೆ ಕೂಗಬೇಕೆಂದರೂ ಆಗದು. ಅವಳ ಬಾಯಿಯನ್ನೂ ನಾನೇ ಮುಚ್ಚಿದ್ದೆ. ಯಾವ ಗುಂಡಿ ಒತ್ತಿದ್ದೆನೋ, ತೆಗೆಯುವುದು ಹೇಗೋ, ಒಂದೂ ತಿಳಿಯದು. ಅವಳ ನಂಬರು (‘ಉಸಿರು’ ಎಂದು ಇಟ್ಟಿದ್ದೀಯ) ಹಚ್ಚಿದರೆ ಎಂಗೇಜ್. ಪಾಪ, ಅವಳು ಊರಿಗೆಲ್ಲ ಫೋನ್ ಮಾಡುತ್ತಿದ್ದಾಳೆ.

ಆಗ ನಾನು ಮೈಕಿನ ಚಿತ್ರ ಒತ್ತಿ ಬಾಯಿಬಿಟ್ಟೆ. ಏನು ಕೂಗಿದೆ ಎಂದು ಈಗ ಲೋಕಕ್ಕೆಲ್ಲ ಗೊತ್ತಿದೆ, ನಿನಗೂ ಗೊತ್ತಿರಲಿ. “ಕೇಳ್ರಪ್ಪಾ! ನಾನು ಸಿಸ್ಟರ್ ಗಂಡ! ಅಣೆಕಟ್ಟು ಒಡೆದಿಲ್ಲ. ಒಡೆದಿದ್ರೆ ನಾನು ಕೂಗ್ತಿರ್ಲಿಲ್ಲ, ತೇಲ್ತಿದ್ದೆ. ಸೇತುವೆ ಕಡೆ ಹೋದವರ ನಂಬರ್ ಯಾರ ಹತ್ರ ಇದ್ಯೋ, ಈಗಲೇ ಫೋನ್ ಮಾಡಿ ವಾಪಸ್ ಕರೀರಿ! ಮೂಲೆ ಕಟ್ಟಡದಲ್ಲಿ ಒಬ್ಬರಿಗೆ ಉಸಿರಾಡೋಕೆ ಕರೆಂಟ್ ಬೇಕು. ಮಗಳು ಬೆಳಗ್ಗೆಯಿಂದ ಬಾಯಿ ಬಡ್ಕೊಳ್ತಿದಾಳೆ, ನೀವು ಕೈ ಮುಗೀತಾ ಕೂತಿದೀರಾ! ಆ ಕೈ ಇಳಿಸಿ, ಪಕ್ಕದ ಮನೆ ಬಾಗಿಲು ತಟ್ಟಿ! ಒಳಗೆ ಯಾರಿದ್ದಾರೆ, ಏನು ಬೇಕು, ನಿಮ್ಮ ಹತ್ರ ಏನಿದೆ, ಅಷ್ಟು ಹೇಳೋಕೆ ನನಗೆ ಫೋನ್ ಮಾಡಿ. ನಾನು ಹೇಗಿದೀನಿ ಅಂತ ಕೇಳೋಕೆ ಮಾಡಿದ್ರೆ ಮಾತ್ರ ಜನ್ಮದಲ್ಲಿ ನಿಮ್ಮ ಹೊಲಿಗೆ ಮಿಷನ್ನು ಮುಟ್ಟಲ್ಲ!” ಗಂಟಲು ಹೋದದ್ದು ಅಲ್ಲಿ.

ಮೊದಲ ಕರೆ ‘ಹುಳುಕು ಹಲ್ಲಿ’ನದು, ಎಂದರೆ ಬೇಕರಿಯಮ್ಮನದು. “ಮೈಕ್‌ಸೆಟ್ಟಿನವರ ಹತ್ರ ಜನರೇಟರ್ ಇದೆಯಲ್ಲಾ!” ಎಂದರು. ಇದೆ, ಆದರೆ ಅವರ ನಂಬರು? ಮೈಕು ಎಂದು ಹುಡುಕಿದೆ, ಸೌಂಡು ಎಂದು ಹುಡುಕಿದೆ, ಇಲ್ಲ. “ಎಡಗಿವಿ ಕೇಳ್ಸಲ್ಲ ಅವರಿಗೆ, ಸಿಸ್ಟರೇ ಹನಿ ಹಾಕ್ತಿದ್ರು” ಎಂದರು. ‘ಎಡಗಿವಿ’ ಸಿಕ್ಕಿತು. ಫೋನು ಹೊಡೆದುಕೊಂಡಿತು, ಹೊಡೆದುಕೊಂಡಿತು, ಎತ್ತಲಿಲ್ಲ. ಜೀವಮಾನವೆಲ್ಲ ಊರಿನ ಕಿವಿ ಹರಿದ ಮನುಷ್ಯನಿಗೆ ತನ್ನ ಫೋನೇ ಕೇಳಿಸದು! ಬೇಕರಿಯಮ್ಮನ ಮನೆ ಅವರ ಎದುರಿಗೇ. ಹಿಂದಿನ ದಿನದ ಬನ್ನುಗಳ ಬುಟ್ಟಿ ತೆಗೆದುಕೊಂಡು ಕಿಟಕಿಗೆ ಗುರಿಯಿಟ್ಟು ಒಂದೊಂದಾಗಿ ಎಸೆದರಂತೆ. ಮೈಕಿನವರು ಬೈಯುವುದಕ್ಕೆಂದು ಹೊರಗೆ ಬಂದರು. ಬಂದದ್ದೇ ಬಂತು, ವಿಷಯ ತಿಳಿದದ್ದೇ ತಡ, ಮಾಳಿಗೆಯಲ್ಲಿದ್ದ ಜನರೇಟರಿಗೆ ಹಗ್ಗ ಕಟ್ಟಿ ಇಳಿಸಿದರು. ಸೊಂಟಮಟ್ಟ ನೀರಿನಲ್ಲಿ ಅದನ್ನು ಸಾಗಿಸುವುದು ಹೇಗೆ? ಬೇಕರಿಯ ಹಿಟ್ಟು ನಾದುವ ಸ್ಟೀಲ್ ತೊಟ್ಟಿ. ಅದರಲ್ಲಿ ಜನರೇಟರನ್ನು ಕೂರಿಸಿ, ಮುಂದೆ ಮೈಕಿನವರು ಎಳೆದು ಹಿಂದೆ ಬೇಕರಿಯಮ್ಮ ತಳ್ಳಿ, ಎರಡೂ ಕಡೆಯ ಬಾಲ್ಕನಿಗಳಿಂದ ಜನ “ಎಡಕ್ಕೆ, ಎಡಕ್ಕೆ, ಅಲ್ಲಿ ಗುಂಡಿ ಇದೆ” ಎಂದು ಕೂಗುತ್ತ, ಮೂಲೆ ಕಟ್ಟಡ ಮುಟ್ಟಿಸಿದರು. ಅಲ್ಲಿಂದ ತಾರಸಿಗೆ ಹೊತ್ತದ್ದು ಆ ಕಟ್ಟಡದ ಎಲ್ಲ ಮನೆಯವರು. ಹುಡುಗಿ ಆಮೇಲೆ ಫೋನ್ ಮಾಡಿದಳು. ಫೋನನ್ನು ಆ ಮೆಷಿನ್ನಿನ ಪಕ್ಕ ಹಿಡಿದಳು, ಅಷ್ಟೇ. ಅದು ಓಡುವ ಶಬ್ದ ಕೇಳಿಸಿತು. ಯಂತ್ರದ ಶಬ್ದ ನಾನೆಷ್ಟೋ ಕೇಳಿದ್ದೇನೆ ಕಣೇ. ಮೆಟ್ಟಿಲ ಮೇಲೆ ಹಾಗೇ ಕುಳಿತುಬಿಟ್ಟೆ.

ಸ್ಕೂಟರಿನ ಸಂಸಾರಗಳು ಮರಳಿ ಬಂದವು, ಬೆಪ್ಪುಮೋರೆ ಹಾಕಿಕೊಂಡು. ಬಾಗಿಲು ತಟ್ಟಿದವರು ಒಬ್ಬೊಬ್ಬರಾಗಿ ಫೋನ್ ಮಾಡಿದರು. ಯಾರ ಮನೆಯಲ್ಲಿ ಕುಡಿಯುವ ನೀರಿದೆ, ಯಾರಿಗೆ ಇನ್ಸುಲಿನ್ ಬೇಕು, ಯಾರ ಒಲೆ ಉರಿಯುತ್ತಿದೆ, ಎಲ್ಲ ನನ್ನ ಕಿವಿಗೆ. ಬದುಕಿನಲ್ಲಿ ನಾನು ಯಾರೊಂದಿಗೂ ಇಷ್ಟು ಮಾತಾಡಿದವನಲ್ಲ. ‘ಸಕ್ಕರೆ ಸುಳ್ಳು ಹೇಳ್ತಾರೆ’ ಅವರು ಅವತ್ತೂ ಸುಳ್ಳು ಹೇಳಿದರು, ಇನ್ಸುಲಿನ್ ಇದೆ ಎಂದು. ನಿನ್ನ ಬರಹ ನಂಬಿ ಪಕ್ಕದ ಮನೆಯವರನ್ನು ಕಳಿಸಿ ನೋಡಿಸಿದೆ, ಇರಲಿಲ್ಲ.

ಫೋನ್ ಬಾರದವರಿಗೆಲ್ಲ ನಾನೇ ಮಾಡುತ್ತ ಬಂದೆ. ಒಂದು ಕಡೆ ಸಿಕ್ಕಿಬಿದ್ದೆ. ‘ದಿನಾ ಮಾತಾಡಿಸಬೇಕು’ ಎಂದು ಬರೆದಿದ್ದೀಯ. ಅಷ್ಟೇ. ಯಾವ ಗೇಟು, ಯಾವ ಹಲ್ಲು, ಏನೂ ಇಲ್ಲ. ಸ್ವಿಚ್ ಆಫ್. ಗ್ರೂಪಿನಲ್ಲೂ ಆ ನಂಬರಿಲ್ಲ. ಯಾರಿದು ಎಂದು ತಲೆ ಕೆರೆದುಕೊಂಡು, ಮತ್ತೆ ಮೈಕು ಒತ್ತಿ ಕೇಳಿದೆ: “ಸಿಸ್ಟರ್ ದಿನಾ ಫೋನ್ ಮಾಡ್ತಿದ್ದಿದ್ದು ಯಾರಿಗೆ? ಗೊತ್ತಿರೋರು ಹೇಳಿ.” ಅದೇನು ಕೇಳುತ್ತೀಯ! ಫೋನಿನ ಮೇಲೆ ಫೋನು. “ನನಗೇ ಮಾಡ್ತಿದ್ರು.” “ನನ್ನನ್ನೇ ವಿಚಾರಿಸ್ಕೊಳ್ತಿದ್ರು ಸಾರ್.” “ಬೇರೆ ಯಾರಿಗೆ, ನನಗೇ.” ಬೇಕರಿಯಮ್ಮ ತನಗೇ ಎಂದು ಆಣೆ ಮಾಡಿದರು. ಮದುವೆಯಾದ ನನಗೆ ಒಂದು ದಿನಕ್ಕೆ ನಾಲ್ಕು ಮಾತು, ಬೀದಿಗೆಲ್ಲ ನಿತ್ಯ ಪಾರಾಯಣ! ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ಕಡೆಗೆ ಉಸಿರಿನವರ ಮಗಳೇ ಹೇಳಿದಳು, “ಅಂಕಲ್, ಹಳೇ ಪ್ರಿಂಟಿಂಗ್ ಪ್ರೆಸ್ ಹಿಂದಿನ ಒಂಟಿ ರೂಮಲ್ಲಿ ಡ್ರಾಯಿಂಗ್ ಮೇಷ್ಟ್ರು ಇದಾರಲ್ಲ, ಅವರಿರ್ಬಹುದಾ? ಗಾಡಿ ನಿಲ್ಲಿಸೋ ಜಗಳದಲ್ಲಿ ಅವರನ್ನ ಗ್ರೂಪಿಂದ ತೆಗೆದ್ರಲ್ಲ.”

ಆ ಕೋಣೆ ಬೀದಿಗಿಂತ ಎರಡು ಮೆಟ್ಟಿಲು ತಗ್ಗಿನಲ್ಲಿದೆ. ಪ್ರೆಸ್ಸಿನ ಆಚೆ ಗೋಡೆ, ಈಚೆ ಗೋದಾಮು, ಯಾವ ಬಾಲ್ಕನಿಗೂ ಕಾಣದು. ಬಾಗಿಲು ತಟ್ಟಿ ಎಂದು ನಾನು ಕೂಗಿದ್ದು ನಿಜ, ಆದರೆ ಅವರಿಗೆ ಪಕ್ಕದ ಮನೆಯೇ ಇಲ್ಲ. ಮೈಕಿನವರೂ ಬೇಕರಿಯಮ್ಮನೂ ಮತ್ತೆ ತೊಟ್ಟಿ ತೆಗೆದುಕೊಂಡು ಹೊರಟರು. ಈ ಸಲ ನಾನೂ ನೀರಿಗಿಳಿದೆ, ನಿನ್ನ ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲೆ ಇಟ್ಟು ಟೋಪಿ ಹಾಕಿಕೊಂಡು. ಬಾಗಿಲು ನೀರಿನ ಒತ್ತಡಕ್ಕೆ ಬಿಗಿದುಕೊಂಡಿತ್ತು. ಮೂವರೂ ಹೆಗಲು ಕೊಟ್ಟು ತಳ್ಳಿದೆವು. ಒಳಗೆ ಮೇಷ್ಟ್ರು ಮೇಜಿನ ಮೇಲೆ ನಿಂತಿದ್ದರು, ತಲೆ ಸೂರಿಗೆ ತಾಗಿಸಿಕೊಂಡು. ಮೇಜಿನ ಮೇಲೂ ತೊಡೆಯವರೆಗೆ ನೀರು. ತುಟಿಗಳು ನೀಲಿಯಾಗಿ ನಡುಗುತ್ತಿದ್ದವು. ಆ ಸ್ಥಿತಿಯಲ್ಲಿ ಮನುಷ್ಯ ಏನೆಂದರು ಗೊತ್ತೇ? “ನನ್ನನ್ನ ಗ್ರೂಪಿಂದ ತೆಗೆದವರ ಗಾಡಿ ನಾನು ಹತ್ತಲ್ಲ.” ಬೇಕರಿಯಮ್ಮ, “ಇದು ಗಾಡಿ ಅಲ್ಲ ಮೇಷ್ಟ್ರೇ, ಹಿಟ್ಟಿನ ತೊಟ್ಟಿ, ಹತ್ತಿ” ಎಂದರು. ಆಗಲೂ ನಿಂತೇ ಇದ್ದರು. ನಾನು, ಸಿಸ್ಟರ್ ಕಳಿಸಿದ್ದಾರೆ ಎಂದೆ. ಸುಳ್ಳೇನಲ್ಲವಲ್ಲ. ನನ್ನ ಮುಖ ನೋಡಿದರು, ಬೆಳಗಿನಿಂದ ಬಿಗಿಹಿಡಿದದ್ದೆಲ್ಲ ಬಿಟ್ಟುಹೋದಂತೆ ಮಗುವಿನ ಹಾಗೆ ಅತ್ತರು. ಎತ್ತಿ ಕೂರಿಸಿದಾಗ ಹಿಟ್ಟಿನ ಚೀಲದಷ್ಟೂ ಭಾರವಿರಲಿಲ್ಲ.

ಅವರು ಈಗ ನಮ್ಮ ನಡುಮನೆಯಲ್ಲಿದ್ದಾರೆ. ನೆಗಡಿ, ಕೆಮ್ಮು ಇಳಿದಿದೆ, ಮಾತು ಮಾತ್ರ ಏರಿದೆ. ನಾನು ಗೋಡೆಗೆ ಹೊಡೆದ ಮೊಳೆ ಸೊಟ್ಟಗಿದೆಯಂತೆ. ಪರದೆಯ ಬಣ್ಣ ನೋಡಿದರೆ ತಲೆಶೂಲೆಯಂತೆ. ಗ್ರೂಪಿಗೆ ಮತ್ತೆ ಸೇರಿಸಿದೆ, ಈಗ ಎಲ್ಲರ ಗುಲಾಬಿ ಹೂವಿನಲ್ಲೂ ನೆರಳು ತಪ್ಪು ಬಿದ್ದಿದೆ ಎಂದು ತಿದ್ದುತ್ತಾರೆ. ದಿನಾ ಮಾತಾಡಿಸಬೇಕು ಎಂದು ಬರೆದಿದ್ದೀಯಲ್ಲ, ಮಾತು ನಿಲ್ಲಿಸುವುದು ಹೇಗೆ ಎಂದೂ ಬರೆದಿದ್ದರೆ ಉಪಕಾರವಾಗುತ್ತಿತ್ತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡೆಯಾ? ನನ್ನ ಕೂಗನ್ನು ಯಾರೋ ಪುಣ್ಯಾತ್ಮರು ಇನ್ನೊಂದು ಗ್ರೂಪಿಗೆ ಹಾಕಿದರು, ಅಲ್ಲಿಂದ ಮತ್ತೊಂದಕ್ಕೆ. ಒಂದು ವಿಧದಲ್ಲಿ ಒಳ್ಳೆಯದೇ ಆಯಿತು. ಪಕ್ಕದ ಬಡಾವಣೆಗಳಲ್ಲೂ ಜನ ಬಾಗಿಲು ತಟ್ಟಿದರಂತೆ, ಎರಡು ಕಡೆ ಮುದುಕರು ಸಿಕ್ಕರಂತೆ. ಆದರೆ ಆ ಕೂಗಿನ ಕೆಳಗೆ ಯಾರೋ ನಮ್ಮ ಬೀದಿಯ ವಿಳಾಸವನ್ನೂ ಈ ನಂಬರನ್ನೂ ಹಾಕಿದ್ದರು, ದಿನಾಂಕ ಮಾತ್ರ ಹಾಕಿರಲಿಲ್ಲ. ನೀರಿಳಿದು, ಕರೆಂಟು ಬಂದು, ಬೀದಿಯವರೆಲ್ಲ ಕೆಸರು ಬಾಚುತ್ತಿದ್ದಾಗ ಒಂದು ಲಾರಿ ಬಂದು ನಿಂತಿತು, ಜನರೇಟರ್ ಹೊತ್ತುಕೊಂಡು. ಮಾರನೆಯ ದಿನ ಇನ್ನೊಂದು. ಬೇಡಪ್ಪಾ, ಸಿಕ್ಕಿತು, ಉಸಿರಾಡುತ್ತಿದ್ದಾರೆ ಎಂದರೆ ಚಾಲಕನ ಮುಖ ಬಾಡಿತು. ಕಡೆಗೆ ಅವನನ್ನು ಮೂರನೇ ಮಹಡಿಗೆ ಕರೆದುಕೊಂಡು ಹೋಗಿ ಯಜಮಾನರು ಉಸಿರಾಡುವುದನ್ನು ತೋರಿಸಿ, ಬನ್ನು ತಿನ್ನಿಸಿ ಕಳಿಸಿದೆವು. ಈಗಲೂ ಯಾವುದೋ ಊರಿನವರು ಫೋನ್ ಮಾಡುತ್ತಾರೆ, “ಕೂಗಾಡೋ ಅಂಕಲ್ ನೀವೇನಾ? ಕರೆಂಟ್ ಬಂತಾ?” ಎಂದು. ಬಂತು ತಾಯೀ, ಬಂತು ಎನ್ನುತ್ತೇನೆ. ಒಬ್ಬಳು ಶಾಲಾ ಮಕ್ಕಳಿಗೆ ಕೇಳಿಸಬೇಕು, ಇನ್ನೊಮ್ಮೆ ಹಾಗೇ ಬೈಯಿರಿ ಎಂದಳು. ಬೈದೆ. ನಿಜವಾಗಿಯೇ ಬೈದೆ.

ನಿನ್ನ ಚಿಕ್ಕಪ್ಪನನ್ನು ಗ್ರೂಪಿನಿಂದ ತೆಗೆದೆ. ಮನೆಯವರೆಲ್ಲ ಮುನಿಸಿಕೊಂಡಿದ್ದಾರೆ, ನಿನಗೂ ದೂರು ಬರಬಹುದು. ಬಂದರೆ ಸೇತುವೆಯ ಕಡೆ ಹೊರಟಿದ್ದ ಆ ಸ್ಕೂಟರಿನ ಮುಂದೆ ನಿಂತಿದ್ದ ಮಕ್ಕಳನ್ನು ನಾನು ಬಾಲ್ಕನಿಯಿಂದ ನೋಡಿದ್ದೇನೆ ಎಂದು ಹೇಳು. ವಾರಕ್ಕೊಂದು ಸಲ ನಾನೇ ಅವರಿಗೆ ಫೋನ್ ಮಾಡಿ ಹೊತ್ತು ಕಳೆಯುತ್ತೇನೆ, ಅದಕ್ಕೆ ಒಪ್ಪಿದ್ದೇನೆ. ಗ್ರೂಪಿಗೆ ಮಾತ್ರ ಆಗದು.

ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಯಾರ್‍ಯಾರು ಎಂದು ಬರೆದರೆ ಹಡಗು ಮುಳುಗುತ್ತದೆ. ಮೈಕಿನವರು ಕಿವಿಯ ಹನಿ ಯಾವುದು ಎಂದು ಬರೆಯಲು ಹೇಳಿದ್ದಾರೆ. ರಾತ್ರಿ ಪಾಳಿಯಲ್ಲಿ ಸ್ವೆಟರ್ ಹಾಕಿಕೋ. ನಿನ್ನ ಕೈಗುಣ ಅಲ್ಲಿನವರಿಗೂ ಒಳ್ಳೆಯದು ಮಾಡಲಿ, ನೀನು ಸುಖವಾಗಿರು.

ಕೋಪ ಇನ್ನೂ ಪೂರ್ತಿ ಇಳಿಯದ,
ನಿನ್ನ ಯಜಮಾನ

ಮರೆತಿದ್ದೆ: ಬಂದರಿಗೆ ಟಪಾಲು ಒಯ್ಯುವವರು ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತಿದ್ದೇನೆ. ಹೋದ ಕಾಗದದ ಕೊನೆಯಲ್ಲಿ ನೀನು ಕೇಳಿದ್ದೆಯಲ್ಲ, ಇನ್ನೂ ಆರು ತಿಂಗಳು ಇರಿ ಅಂತಿದ್ದಾರೆ, ನೀವು ಬೇಡ ಅಂದರೆ ಬಂದುಬಿಡ್ತೀನಿ ಎಂದು. ಅದಕ್ಕೆ ಉತ್ತರ ಬರೆಯಲೆಂದೇ ಕೂತವನು ಎಲ್ಲೆಲ್ಲೋ ಹೋದೆ. ಬೀದಿಯವರೆಲ್ಲ ಕೂಡಲೇ ಕರೆಸಿಕೊಳ್ಳಿ ಅನ್ನುತ್ತಿದ್ದಾರೆ. ನೀರು ಬಂದ ದಿನ ಕೇಳಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಈಗ ಬೇಡ. ಇದ್ದು ಮುಗಿಸಿಕೊಂಡೇ ಬಾ, ಅಲ್ಲಿನವರ ಪಕ್ಕದ ಮನೆ ಎಂದರೆ ನೀನೊಬ್ಬಳೇ. ಇಲ್ಲಿ ಫೋನು ನಾನು ಎತ್ತಿಕೊಳ್ಳುತ್ತೇನೆ. ಒಂದೇ ಮಾತು, ಹಡಗು ದಡ ಮುಟ್ಟಿದ ದಿನ ಮೊದಲ ಫೋನು ನನಗೆ ಮಾಡು. ನಿನ್ನ ಈ ನಂಬರಿಗೆ ಮಾಡಬೇಡ, ಇದು ಯಾವಾಗ ನೋಡಿದರೂ ಎಂಗೇಜ್. ಅಂಗಡಿಯ ಫೋನಿಗೆ ಮಾಡು. ಅದಕ್ಕೆ ಬೇರೆ ಯಾರೂ ಮಾಡುವುದಿಲ್ಲ.